ಟೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲಿಸಿದ್ದು: ರಾಯಚೂರಿನ ನನ್ನ ಅನುಭವ

ಲಿಂಗಸುಗೂರು ಕಡೆಯ ಅವ್ವ ಒಬ್ಬರು. ವಯಸ್ಸು 68 ಇರಬಹುದು. ಹೊಲದಲ್ಲಿ ಹತ್ತಿ ಬಿಡಿಸುವಾಗ ಬದುವಿನ ಮೇಲಿಂದ ಜಾರಿ ಬಿದ್ದು ಸೊಂಟದ ಮೊದಲ ಬೆನ್ನುಮೂಳೆ (ಎಲ್‌1) ಮುರಿದಿತ್ತು. ಕಾಲಿನ ಶಕ್ತಿಯೂ ಕುಂದಿತ್ತು. ಮೇಲೆ ನಾಲ್ಕು, ಕೆಳಗೆ ನಾಲ್ಕು ಸ್ಕ್ರೂ ಹಾಕಿದೆ. ಎಕ್ಸ್‌ರೇ ಚೆನ್ನಾಗಿಯೇ ಬಂತು. ಆದರೆ ಮೂಳೆ ಟೊಳ್ಳಾಗಿತ್ತು, ಏಳನೇ ವಾರಕ್ಕೆ ಮೇಲಿನ ಎರಡು ಸ್ಕ್ರೂ ಕಿತ್ತುಕೊಂಡು ಬಂದು ಚರ್ಮದಡಿ ಕೈಗೆ ಸಿಗುತ್ತಿದ್ದವು. ಚಿಕಿತ್ಸೆಗೆ ಅಂತ ಮಗ ಎತ್ತು ಮಾರಿದ್ದು ನನಗೆ ಗೊತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಸ್ಕ್ರೂ ದಾರಿಗೆ ಬೋನ್ ಸಿಮೆಂಟ್ (ಪುಡಿಗೆ ದ್ರವ ಕಲಸಿದರೆ ಕೆಲವೇ ನಿಮಿಷದಲ್ಲಿ ಕಲ್ಲಾಗುವ ಅಂಟು) ತುಂಬೋಣ ಅಂದೆ. ಹಿರಿಯರು ಒಪ್ಪಲಿಲ್ಲ. "ನರದ ಮೇಲೆ ಹೋದ್ರೆ ಏನ್ ಮಾಡ್ತೀರಿ? ಶ್ವಾಸಕೋಶಕ್ಕೆ ಹೋದ್ರೆ? ಸುಮ್ನೆ ಹೈದರಾಬಾದಿಗೆ ಕಳಿಸ್ರಿ" ಅಂದರು. ಒಳಗಿಂದ ಸಿಮೆಂಟ್ ಹರಿಯಲು ಪಕ್ಕದಲ್ಲಿ ತೂತಿರುವ ಸ್ಕ್ರೂ ತರಿಸಿದರೆ ಕೆಲಸ ಸುಲಭ. ಆದರೆ ಒಂದಕ್ಕೆ ಹತ್ತು ಸಾವಿರದ ಹತ್ತಿರ ಹೇಳಿದರು. ಆಗ ಮಾಮೂಲಿ ಸ್ಕ್ರೂ ಒಂದೂವರೆ ಸಾವಿರ, ಸಿಮೆಂಟ್ ಪ್ಯಾಕೆಟ್ ಮೂರು ಸಾವಿರ ಚಿಲ್ಲರೆ. ಮಾಮೂಲಿ ಸ್ಕ್ರೂವಿನಲ್ಲೇ ಮಾಡುವುದು ಅಂತ ಹಟ ಹಿಡಿದೆ.

ಮೊದಲು ಮನೆಯಲ್ಲಿ ಪ್ರಯೋಗ. ಥರ್ಮೋಕೋಲ್ ಒಳಗೆ ಸಿಮೆಂಟ್ ಬಿಟ್ಟೆ. ಅದರ ದ್ರವಕ್ಕೆ ಥರ್ಮೋಕೋಲೇ ಕರಗಿಹೋಯಿತು! ಕುರಿ ಬೆನ್ನುಮೂಳೆ ತಂದೆ, ಅದು ವಿಪರೀತ ಗಟ್ಟಿ. ಮೆತ್ತಗಾಗಲಿ ಅಂತ ವಿನೆಗರ್‌ನಲ್ಲಿ ನೆನೆಹಾಕಿದೆ, ರಬ್ಬರ್ ಆಯಿತು. ಕೊನೆಗೆ ಕುರಿ ಮೂಳೆಯ ಒಳಗನ್ನೇ ಕೆರೆದು ಟೊಳ್ಳು ಮಾಡಿ ಸ್ಕ್ರೂ ಹಾಕಿದೆ. ಸಿಮೆಂಟ್ ಇಲ್ಲದ್ದನ್ನು ಕೈಯಲ್ಲೇ ಎಳೆದು ತೆಗೆದೆ. ಸಿಮೆಂಟ್ ಇರುವುದಕ್ಕೆ ತೂಕದ ಕೊಕ್ಕೆ ಹಾಕಿ ಜಗ್ಗಿದರೆ ಮೂಳೆಯೇ ಸೀಳಿತು. ಧೈರ್ಯ ಬಂತು.

ಆದರೂ ಮೊದಲ ಕೇಸ್ ಕೆಟ್ಟಿತು. ಏಪ್ರಿಲ್ ತಿಂಗಳು, ಹೊರಗೆ 42 ಡಿಗ್ರಿ. ಸಿಮೆಂಟ್ ಸ್ಟೋರ್‌ನಲ್ಲೇ ಬೆಚ್ಚಗಾಗಿತ್ತು, ಮಧ್ಯೆ ಎಸಿಯೂ ನಿಂತಿತು. ಮೂರನೇ ಸ್ಕ್ರೂ ಅರ್ಧ ಇಳಿಯುವಷ್ಟರಲ್ಲಿ ಕಲ್ಲಾಯಿತು. ಒಂದು ಸೆಂಟಿಮೀಟರ್ ಹೊರಗೇ ನಿಂತಿತು. ಸ್ಕ್ರೂಗಳನ್ನು ಜೋಡಿಸುವ ರಾಡ್ ಬಗ್ಗಿಸಿ ಹೊಂದಿಸಬೇಕಾಯಿತು. ಮೂರನೇ ಕೇಸ್‌ನಲ್ಲಿ ಅವಸರಪಟ್ಟು ತೆಳ್ಳಗಿರುವಾಗಲೇ ತಳ್ಳಿದೆ. ಸಿ-ಆರ್ಮ್‌ನಲ್ಲಿ (ಆಪರೇಷನ್ ನಡುವೆಯೇ ನೋಡುವ ಎಕ್ಸ್‌ರೇ ಯಂತ್ರ) ಹುಳು ಹರಿದಂತೆ ಕಪ್ಪು ಗೆರೆ ಮುಂದಿನ ರಕ್ತನಾಳಕ್ಕೆ ಹೊರಟಿತು. ರಕ್ತದ ಆಮ್ಲಜನಕ ಶೇಕಡಾ 91ಕ್ಕೆ ಇಳಿಯಿತು. ಅಲ್ಲಿಗೇ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಸರಿಯಾಯಿತು, ಆದರೆ ಆ ಹತ್ತು ನಿಮಿಷ ಮರೆಯುವಂಥದ್ದಲ್ಲ.

ಈಗ ಸಿಮೆಂಟ್ ಹಿಂದಿನ ರಾತ್ರಿಯೇ ಫ್ರಿಡ್ಜ್‌ಗೆ ಹೋಗುತ್ತದೆ. ಎಲ್ಲ ದಾರಿ ಮೊದಲೇ ಮಾಡಿ, ಪ್ರೋಬ್ ಎಂಬ ತೆಳು ಕಡ್ಡಿಯಿಂದ ನಾಲ್ಕೂ ಗೋಡೆ ಮತ್ತು ತಳ ನೋಡುತ್ತೇನೆ. ಎಲ್ಲಾದರೂ ಒಡೆದಿದ್ದರೆ ಅಲ್ಲಿ ಸಿಮೆಂಟ್ ಇಲ್ಲ. ಒಂದು ಎಂಎಲ್ ಸಿರಿಂಜ್‌ಗಳಿಗೆ ತುಂಬಿ ಐಸ್ ಮೇಲೆ ಇಡುತ್ತೇನೆ. ದೋಸೆ ಹಿಟ್ಟಿನ ಹದದಲ್ಲಿ ತಳ್ಳಿದರೆ ಸೋರುತ್ತದೆ, ರೊಟ್ಟಿ ಹಿಟ್ಟಿನ ಹದಕ್ಕೆ ಬಂದರೆ ತಡವಾಯಿತು. ಟೂತ್‌ಪೇಸ್ಟ್ ಹದವೇ ಬೇಕು. ಒಂದು ಸ್ಕ್ರೂವಿಗೆ ಸೊಂಟದಲ್ಲಿ ಸುಮಾರು 2 ಎಂಎಲ್, ಎದೆಭಾಗದಲ್ಲಿ ಒಂದರಿಂದ ಒಂದೂವರೆ. ತಳ್ಳುವ ಮೊದಲು ಅನಸ್ತೇಶಿಯಾದವರಿಗೆ ಹೇಳಿ, ಸಿ-ಆರ್ಮ್‌ನ ಪಕ್ಕದ ನೋಟದಲ್ಲಿ ಕಣ್ಣಿಟ್ಟು ತಳ್ಳಬೇಕು. ಒಂದು ಸಲಕ್ಕೆ ಎರಡೇ ಸ್ಕ್ರೂ. ಗಟ್ಟಿಯಾಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಸಿರಿಂಜ್ ಮೂತಿಗೆ ನಾನು ಮಾಡಿಕೊಂಡ ಬದಲಾವಣೆ ಇಲ್ಲಿ ಬರೆಯಲ್ಲ, ಥಿಯೇಟರಿಗೆ ಬಂದರೆ ತೋರಿಸುತ್ತೇನೆ.

ನಮ್ಮ ಭಾಗದವರಿಗೆ ಒಂದು ಮಾತು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಎಷ್ಟೋ ಜನರ ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಅಂಕಿಯೂ ಜಾಸ್ತಿ ಬರುತ್ತದೆ. ಅದನ್ನು ನಂಬಿ ಕೂರಬೇಡಿ, ಆ ಮೂಳೆ ಪೆಡಸು. ಹಾಗಂತ ಪೂರ್ತಿ ಬಿಳಿಯಾದಲ್ಲಿ ಸಿಮೆಂಟ್ ಹರಡಲು ಜಾಗವೂ ಇರಲ್ಲ. ಅಲ್ಲಿ ನಾನು ಹಾಕುವುದಿಲ್ಲ.

ಆ ಅವ್ವನಿಗೆ ಅದೇ ದಾರಿಯಲ್ಲಿ ಮೊದಲಿನದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ದಪ್ಪದ ಸ್ಕ್ರೂ, ಜೊತೆಗೆ ಸಿಮೆಂಟ್ ಹಾಕಿದೆ. ಎರಡು ವರ್ಷವಾಯಿತು, ಅಲುಗಿಲ್ಲ. "ಯಪ್ಪಾ, ಈಗ ಕಟ್ಟಿ ಮ್ಯಾಲ ಕುಂದ್ರಾಕ ಬರತೈತ್ರಿ" ಅಂದರು. ಇಲ್ಲಿಯವರೆಗೆ 25 ಜನಕ್ಕೆ ಮಾಡಿರಬೇಕು. ಒಬ್ಬರಿಗೆ ಮಾತ್ರ ಕೀವಾಗಿ ಸ್ಕ್ರೂ ತೆಗೆಯಬೇಕಾಯಿತು. ಸಿಮೆಂಟ್ ಹಾಕಿದರೆ ಮುಂದೆ ತೆಗೆಯಲು ಬರಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಹಿಂದಕ್ಕೆ ತಿರುಗಿಸಿದೆ. ಮೊದಲ ಸುತ್ತು ಬಿಗಿ, ಆಮೇಲೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಬಂತು.