ಪೈಪೆಲ್ ಮಾಡಿದ ದಿನವೇ ಎಂಆರ್‌ಐ ಸ್ಲಾಟ್: ನನ್ನ ಅನುಭವ

ಗರ್ಭಕೋಶದ ಒಳಪದರದ ಕ್ಯಾನ್ಸರ್ ಅನುಮಾನ ಇದ್ದವರಿಗೆ ಪೈಪೆಲ್ (ತೆಳು ಕೊಳವೆ ಹಾಕಿ ಒಳಪದರದ ಚೂರು ತೆಗೆಯುವುದು) ಮಾಡಿದ ದಿನವೇ ಎಂಆರ್‌ಐಗೆ ದಿನ ಗೊತ್ತುಮಾಡಲು ಹೊರಟಾಗ, "ರಿಪೋರ್ಟೇ ಬಂದಿಲ್ಲ, ಸ್ಲಾಟ್ ಯಾಕೆ ಮೇಡಂ?" ಅಂತ ಎಂಆರ್‌ಐ ಸೆಂಟರ್‌ನವರು ನಕ್ಕಿದ್ದರು. "ಪೈಪೆಲ್‌ನಲ್ಲಿ ಏನು ಸಿಗುತ್ತಮ್ಮಾ, ಡಿ ಅಂಡ್ ಸಿ ಮಾಡಿಬಿಡು" ಅಂದಿದ್ದರು ನಮ್ಮ ಹಿರಿಯ ಸರ್. ಡಿ ಅಂಡ್ ಸಿ ಅಂದರೆ ಗರ್ಭಕೋಶದ ಬಾಯಿ ಹಿಗ್ಗಿಸಿ ಒಳಪದರ ಕೆರೆದು ತೆಗೆಯುವುದು. ಈಗ ಅವರೇ ತಮ್ಮ ಪೇಶೆಂಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮುಟ್ಟು ನಿಂತ ಮೇಲೆ ಬ್ಲೀಡಿಂಗ್ ಅಂತ ಬಂದವರಲ್ಲಿ ಕ್ಯಾನ್ಸರ್ ಇದ್ದವರು ಆಪರೇಷನ್ ಟೇಬಲ್ ತಲುಪಲು ಮೊದಲೆಲ್ಲ ಎರಡು ತಿಂಗಳ ಹತ್ತಿರ ಆಗುತ್ತಿತ್ತು. ಈಗ ಮೂರು, ಮೂರೂವರೆ ವಾರ. ಹೊಸ ಮೆಷಿನ್ ಏನೂ ತಂದಿಲ್ಲ, ಯಾವುದು ಯಾವಾಗ ಅನ್ನುವುದನ್ನು ಬದಲಿಸಿದೆ ಅಷ್ಟೆ.

ಸಮಯ ಹೋಗುತ್ತಿದ್ದುದು ಕಾಯುವುದರಲ್ಲಿ. ಹೊರಗಿನ ಸ್ಕ್ಯಾನ್‌ಗೆ ಒಂದು ವಾರ. ಈ ಪೇಶೆಂಟ್‌ಗಳಲ್ಲಿ ಬಹಳ ಮಂದಿಗೆ ತೂಕ, ಶುಗರ್, ಬಿಪಿ ಮೂರೂ ಇರುತ್ತವೆ. ಹಾಗಾಗಿ ಡಿ ಅಂಡ್ ಸಿಗೆ ಅನಸ್ತೇಶಿಯಾ ಫಿಟ್‌ನೆಸ್ ಸಿಗುವಷ್ಟರಲ್ಲಿ ಇನ್ನೊಂದು ವಾರ. ಪೆಥಾಲಜಿ ರಿಪೋರ್ಟ್‌ಗೆ ಎಂಟು ಹತ್ತು ದಿನ. ಆಮೇಲೆ ಕ್ಯಾನ್ಸರ್ ಎಷ್ಟು ಆಳಕ್ಕೆ ಹೋಗಿದೆ ಅಂತ ನೋಡುವ ಎಂಆರ್‌ಐ ಕ್ಯೂ. ನಡುವೆ "ಮಗ ಬೆಂಗಳೂರಿಂದ ಬರಲಿ ಮೇಡಂ" ಬೇರೆ.

ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪ ಕಂಡ ಕೂಡಲೇ ಎಂಆರ್‌ಐಗೆ ಕಳಿಸುವುದನ್ನೂ ಕೆಲವು ತಿಂಗಳು ಮಾಡಿ ನೋಡಿದೆ. ಪೇಶೆಂಟ್ ಜೇಬಿನಿಂದ ಎಂಟೊಂಬತ್ತು ಸಾವಿರ ಹೋಗುತ್ತಿತ್ತು. ಸಿಕ್ಕಿದ್ದು ಹೆಚ್ಚಾಗಿ ಪಾಲಿಪ್, ಅಂದರೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಸಣ್ಣ ಬೆಳವಣಿಗೆ. ನಿಜವಾಗಿ ಕ್ಯಾನ್ಸರ್ ಇದ್ದವರಿಗೂ ಟಿಶ್ಯೂ ರಿಪೋರ್ಟ್ ಇಲ್ಲದೆ ಸರ್ಜನ್ ಕೈ ಹಾಕುವುದಿಲ್ಲ, ಅಲ್ವಾ? ಡಿ ಅಂಡ್ ಸಿ ಆದ ಮಾರನೇ ದಿನ ಎಂಆರ್‌ಐ ಮಾಡಿಸಿದರೆ ಇನ್ನೊಂದು ಫಜೀತಿ. ಒಳಗೆಲ್ಲ ರಕ್ತದ ಗಡ್ಡೆ, ಗಡಿ ಮಸುಕು. ಕೊನೆಗೆ "ಕ್ಲಿನಿಕಲಿ ಕೋರಿಲೇಟ್" (ಪೇಶೆಂಟ್ ನೋಡಿ ನೀವೇ ತೀರ್ಮಾನಿಸಿ) ಅಂತ ಬರೆದು ಸ್ಕ್ಯಾನ್‌ನವರು ಕೈತೊಳೆದುಕೊಳ್ಳುತ್ತಾರೆ.

ಈಗ ಹೀಗೆ. ಮೊದಲ ದಿನವೇ ಟಿವಿಎಸ್ (ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್), ಅದೂ ಪೈಪೆಲ್‌ಗಿಂತ ಮೊದಲು. ಪೈಪೆಲ್ ಆದ ಮೇಲೆ ಅಳೆದರೆ ರಕ್ತ, ಗಾಳಿಗುಳ್ಳೆ ಎಲ್ಲ ಸೇರಿ ಆ ಅಳತೆಗೆ ಅರ್ಥವಿಲ್ಲ. ಒಳಗೆ ನೀರಿದ್ದರೆ ಅದನ್ನು ಬಿಟ್ಟು ಮುಂದಿನ, ಹಿಂದಿನ ಎರಡು ಪದರ ಮಾತ್ರ ಕೂಡಿಸುತ್ತೇನೆ. 4 ಮಿಲಿಮೀಟರ್ ದಾಟಿದರೆ ಅದೇ ಟೇಬಲ್ ಮೇಲೆ ಪೈಪೆಲ್. ಬ್ಲೀಡಿಂಗ್ ಮತ್ತೆ ಮತ್ತೆ ಆಗುತ್ತಿದ್ದರೆ ಪದರ ತೆಳ್ಳಗಿದ್ದರೂ ಬಿಡುವುದಿಲ್ಲ, ಸೀರಸ್ ಅನ್ನುವ ಉಗ್ರ ಬಗೆಯ ಕ್ಯಾನ್ಸರ್ ತೆಳು ಪದರದಲ್ಲೂ ಅಡಗಿರುತ್ತದೆ. ಸ್ತನ ಕ್ಯಾನ್ಸರ್‌ನ ಮಾತ್ರೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಈ 4 ನಂಬುವುದಿಲ್ಲ.

ಎಂಆರ್‌ಐ ಸ್ಲಾಟ್ ಎಲ್ಲರಿಗೂ ಅಲ್ಲ. ಬ್ಲೀಡಿಂಗ್ ಅಂತ ಬಂದ ನೂರರಲ್ಲಿ ಹತ್ತರ ಆಸುಪಾಸು ಮಾತ್ರ ಕ್ಯಾನ್ಸರ್. ಒಳಪದರದ ಅಂಚು ಮಾಸಿದೆ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ರಕ್ತನಾಳ ಜಾಸ್ತಿ ಅನ್ನಿಸಿದವರಿಗೆ ಹತ್ತು ಹನ್ನೆರಡು ದಿನದಾಚೆಯ ಸ್ಲಾಟ್ ಅವತ್ತೇ ಹಿಡಿಯುತ್ತೇನೆ. ಕಿಡ್ನಿ ಪರೀಕ್ಷೆಯಾದ ಕ್ರಿಯಾಟಿನಿನ್‌ಗೂ ಅವತ್ತೇ ರಕ್ತ, ಇಲ್ಲದಿದ್ದರೆ ಕಾಂಟ್ರಾಸ್ಟ್ (ಸ್ಕ್ಯಾನ್ ಸ್ಪಷ್ಟವಾಗಲು ಕೊಡುವ ಇಂಜೆಕ್ಷನ್) ದಿನ ವಾಪಸ್ ಕಳಿಸುತ್ತಾರೆ. ಅಷ್ಟರಲ್ಲಿ ರಿಪೋರ್ಟ್ ಬಂದಿರುತ್ತದೆ, ಒಳಗಿನ ರಕ್ತವೂ ಖಾಲಿಯಾಗಿರುತ್ತದೆ. ಸೀರಸ್ ಅಥವಾ ಹೈ ಗ್ರೇಡ್ (ವೇಗವಾಗಿ ಬೆಳೆಯುವ ಬಗೆ) ಬಂದರೆ ಎದೆ, ಹೊಟ್ಟೆಯ ಸಿಟಿ ಸ್ಕ್ಯಾನೂ ಒಂದೇ ಓಡಾಟದಲ್ಲಿ. ಬೇಡವಾದ ಸ್ಲಾಟ್ ಎರಡು ದಿನ ಮೊದಲೇ ಬಿಟ್ಟುಕೊಡುತ್ತೇನೆ. ಮುಂಗಡ ಕೊಡದೆ ಸ್ಲಾಟ್ ಗಿಟ್ಟಿಸುವುದು ಹೇಗೆ ಅನ್ನೋದು ಮಾತ್ರ ನನ್ನ ಗುಟ್ಟು.

ನಡುವೆ ಎಳೆಮಕ್ಕಳ ಫೀಡಿಂಗ್ ಟ್ಯೂಬ್‌ನಲ್ಲಿ ಗರ್ಭಕೋಶದೊಳಗೆ ಸಲೈನ್ ಹಾಕಿ ಸ್ಕ್ಯಾನ್ ಮಾಡುವುದನ್ನೂ ಪ್ರಯತ್ನಿಸಿದೆ. ಪಾಲಿಪ್ ಏನು ಚೆನ್ನಾಗಿ ಕಾಣುತ್ತದೆ ಅಂತೀರಿ! ಟ್ಯೂಬ್ ಖರ್ಚು ನೂರು ರೂಪಾಯಿಯೂ ಇಲ್ಲ. ಆದರೆ ಕ್ಯಾನ್ಸರ್ ಅನುಮಾನ ಗಟ್ಟಿ ಇದ್ದರೆ ಸಲೈನ್ ಹಾಕುವುದಿಲ್ಲ.

ಗರ್ಭಕೋಶದ ಬಾಯಿ ಮುಚ್ಚಿಕೊಂಡವರಲ್ಲಿ ಪೈಪೆಲ್ ಹೋಗುವುದಿಲ್ಲ. ಹಿಂದಿನ ರಾತ್ರಿ ಬಾಯಿ ಸಡಿಲಿಸುವ ಮಾತ್ರೆ ಮಿಸೊಪ್ರೊಸ್ಟಾಲ್ ಕೊಟ್ಟು ನೋಡಿದೆ, ಹೊಟ್ಟೆನೋವು ಬಂತೇ ಹೊರತು ದಾರಿ ಬಿಡಲಿಲ್ಲ. ಅಂಥವರಿಗೆ ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಹಿಸ್ಟರೊಸ್ಕೋಪಿಯೇ ಸರಿ. ಅದಕ್ಕೆ ಹದಿನೈದು ಸಾವಿರದವರೆಗೆ ಆಗುತ್ತದೆ, ಪೈಪೆಲ್‌ಗೆ ನಾನೂರೋ ಐನೂರೋ.