ಚೀನಾದ ಒತ್ತಡ ಲೆಕ್ಕ ಹಾಕುವಾಗ ಪಟ್ಟಿ ಎಲ್ಲಿಂದ ಶುರು ಮಾಡಬೇಕು?

ಎಂ.ಎ. ಪ್ರಬಂಧಕ್ಕೆ ನನ್ನ ಹತ್ತಿರ ಬರುವ ಹುಡುಗರಿಗೆ ಚೀನಾ ಅಂದರೆ ಬಲು ಇಷ್ಟದ ವಿಷಯ. ಕೈಯಲ್ಲಿ ಒಂದು ಪಟ್ಟಿಯೂ ಇರುತ್ತದೆ: 2010ರಲ್ಲಿ ನಾರ್ವೆ, 2017ರಲ್ಲಿ ದಕ್ಷಿಣ ಕೊರಿಯಾ, 2020ರಲ್ಲಿ ಆಸ್ಟ್ರೇಲಿಯಾ. ಎಲ್ಲವೂ ನಿಜವೇ. ಆದರೆ ಎಲ್ಲವೂ ಚೀನಾವನ್ನು ಕೆರಳಿಸಿ ವ್ಯಾಪಾರದಲ್ಲಿ ಪೆಟ್ಟು ತಿಂದ ದೇಶಗಳು. ಪೆಟ್ಟು ತಿಂದವರನ್ನಷ್ಟೇ ಆರಿಸಿಕೊಂಡು ‘ಚೀನಾ ತಪ್ಪದೆ ಹೊಡೆಯುತ್ತದೆ’ ಎಂದು ಬರೆದರೆ ಅದರಲ್ಲಿ ಹೊಸದೇನು ಬಂತು? ಉತ್ತರ ಪಟ್ಟಿಯಲ್ಲೇ ಇತ್ತು, ಅಲ್ವಾ?

ಹಾಗಾಗಿ ಪಟ್ಟಿಯನ್ನು ಶಿಕ್ಷೆಯಿಂದ ಶುರು ಮಾಡಬೇಡಿ. ಚೀನಾಕ್ಕೆ ಸಿಟ್ಟು ಬರಿಸುವ ಒಂದು ಸಂದರ್ಭ ಹಿಡಿಯಿರಿ, ಅದು ನಡೆದಾಗಲೆಲ್ಲ ಒಂದು ಸಾಲು ಬರೆಯಿರಿ. ನಾನು ಸಾಮಾನ್ಯವಾಗಿ ಟಿಬೆಟಿನ ಧರ್ಮಗುರು ದಲೈ ಲಾಮಾ ಅವರನ್ನು ಬೇರೆ ದೇಶದ ನಾಯಕರು ಭೇಟಿಯಾದ, ಇಲ್ಲವೇ ಬೇರೆ ದೇಶ ಬರಮಾಡಿಕೊಂಡ ಸಂದರ್ಭಗಳನ್ನು ಕೊಡುತ್ತೇನೆ. ಇವುಗಳ ದಿನಾಂಕ ಸಿಗುವುದು ಸುಲಭ. ಮುಂಡಗೋಡ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪ್ ನೋಡಿದ ಹುಡುಗರಿಗೆ ವಿಷಯದ ಹಿನ್ನೆಲೆಯನ್ನೂ ಜಾಸ್ತಿ ಹೇಳಬೇಕಾಗಿಲ್ಲ.

ಈಗ ಸಾಲುಗಳನ್ನು ನೋಡಿ. 2008ರಲ್ಲಿ ಫ್ರಾನ್ಸಿನ ಆಗಿನ ಅಧ್ಯಕ್ಷ ಸರ್ಕೋಜಿ ಭೇಟಿಗೆ ಹೊರಟಾಗ ಚೀನಾ ಐರೋಪ್ಯ ಒಕ್ಕೂಟದ ಜೊತೆಗಿನ ಶೃಂಗಸಭೆಯನ್ನೇ ಮುಂದೂಡಿತು. 2010ರ ಫೆಬ್ರುವರಿಯಲ್ಲಿ ಒಬಾಮ ಭೇಟಿಯಾದರು. ಚೀನಾ ಕಟುವಾಗಿ ಪ್ರತಿಭಟಿಸಿತು. ಆದರೂ ಏಪ್ರಿಲ್‌ನಲ್ಲಿ ಚೀನಾದ ಆಗಿನ ಅಧ್ಯಕ್ಷ ಹೂ ಜಿಂಟಾವೋ ವಾಷಿಂಗ್ಟನ್‌ಗೆ ಹೋದರು. 2016ರ ನವೆಂಬರ್‌ನಲ್ಲಿ ಮಂಗೋಲಿಯಾ ದಲೈ ಲಾಮಾ ಅವರನ್ನು ಬರಮಾಡಿಕೊಂಡಿತು. ಗಡಿ ದಾಟುವ ಸರಕಿನ ಮೇಲೆ ಹೊಸ ಶುಲ್ಕ ಬಿತ್ತು, ಸಾಲದ ಮಾತುಕತೆ ನಿಂತಿತು. ಡಿಸೆಂಬರ್‌ನಲ್ಲಿ ಅಲ್ಲಿನ ವಿದೇಶಾಂಗ ಸಚಿವರು ‘ಇನ್ನು ಕರೆಯುವುದಿಲ್ಲ’ ಎಂದರು. ಒಬಾಮ ಸಾಲಿನಂಥದ್ದು ಸಪ್ಪೆ ಎನಿಸುತ್ತದೆ, ಹುಡುಗರು ಅಳಿಸಲು ನೋಡುತ್ತಾರೆ. ಅಳಿಸಬೇಡಿ. ಯಾರ ಮೇಲೆ ಕೈ ಎತ್ತುತ್ತಾರೆ, ಯಾರ ಮೇಲೆ ಎತ್ತುವುದಿಲ್ಲ ಎಂಬುದು ಗೊತ್ತಾಗುವುದೇ ಅಂಥ ಸಾಲುಗಳಿಂದ.

ಇಷ್ಟಾದರೂ ಅರ್ಧ ಕೆಲಸ ಬಾಕಿ. ಬೆದರಿಕೆ ಪೂರ್ತಿ ಫಲಿಸಿದರೆ ಭೇಟಿಯೇ ನಡೆಯುವುದಿಲ್ಲ, ಸಾಲೂ ಹುಟ್ಟುವುದಿಲ್ಲ. ಅದಕ್ಕೇ ಇನ್ನೊಂದು ಪಟ್ಟಿ ಬೇಕು: ಆಗಬಹುದಾಗಿದ್ದು ಆಗದ ಭೇಟಿಗಳದ್ದು. ದಕ್ಷಿಣ ಆಫ್ರಿಕಾ 2009ರಲ್ಲಿ ದಲೈ ಲಾಮಾ ಅವರಿಗೆ ವೀಸಾ ಕೊಡಲಿಲ್ಲ. 2011ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ 80ನೇ ಹುಟ್ಟುಹಬ್ಬಕ್ಕೂ ವೀಸಾ ಬರಲಿಲ್ಲ. ಶಿಕ್ಷೆ ಹುಡುಕಿಕೊಂಡು ಹೊರಟವನಿಗೆ ಈ ದೇಶ ಕಣ್ಣಿಗೇ ಬೀಳುವುದಿಲ್ಲ. ನಾರ್ವೆಯ ಪ್ರಧಾನಿ 2014ರಲ್ಲಿ ದಲೈ ಲಾಮಾ ಅವರನ್ನು ಭೇಟಿಯಾಗಲಿಲ್ಲ. 2010ರಲ್ಲಿ ಚೀನಾದೊಂದಿಗೆ ಕೆಟ್ಟಿದ್ದ ಅದರ ಸಂಬಂಧ ಸರಿಹೋದದ್ದು 2016ರ ಕೊನೆಗೆ.

ಇಂಥವನ್ನು ಹುಡುಕುವುದು ಎಲ್ಲಿ? ಆಹ್ವಾನ ಪತ್ರ, ವೀಸಾ ಅರ್ಜಿ, ಸಂಸತ್ತಿನ ಪ್ರಶ್ನೋತ್ತರ, ಕೋರ್ಟ್ ತೀರ್ಪು. ದಕ್ಷಿಣ ಆಫ್ರಿಕಾದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ, ವೀಸಾ ನಿರ್ಧಾರವನ್ನು ಸಚಿವರು ಸಕಾರಣವಿಲ್ಲದೆ ತಡಮಾಡಿದರು ಎಂದು ತೀರ್ಪು ಕೊಟ್ಟಿದೆ. ಆದರೆ ಆಗದ ಭೇಟಿಗೆಲ್ಲ ಚೀನಾವೇ ಕಾರಣ ಎನ್ನಬೇಡಿ. ‘ಸರ್ಕಾರವೇ ಒಪ್ಪಿದೆ’, ‘ಬೇರೆಯವರು ಹೇಳಿದ್ದಾರೆ’, ‘ಬರೀ ಊಹೆ’ ಎಂದು ಮೂರು ಗುರುತು ಹಾಕಿ. ಊಹೆಯನ್ನು ಲೆಕ್ಕದಲ್ಲಿ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ನೋಡಿ.

ಸುದ್ದಿಗಳನ್ನು ಎಣಿಸಬೇಡಿ, ಘಟನೆಗಳನ್ನು ಎಣಿಸಿ. ಪ್ಯಾರಿಸ್ಸಿನ ಒಂದು ಭೇಟಿಗೆ ನೂರು ವರದಿ ಬರುತ್ತವೆ, ಮಂಗೋಲಿಯಾದ ರಾಜಧಾನಿ ಉಲಾನ್‌ಬಾಟರ್‌ದಕ್ಕೆ ನಾಲ್ಕು ಸಿಕ್ಕರೆ ಪುಣ್ಯ. ಎರಡಕ್ಕೂ ಒಂದೊಂದೇ ಸಾಲು. ಅವಧಿಯನ್ನು ಮೊದಲೇ ಗೊತ್ತುಮಾಡಿ, ಒಳ್ಳೆ ಉದಾಹರಣೆ ಸಿಕ್ಕಿತೆಂದು ಆಮೇಲೆ ಎಳೆಯಬೇಡಿ.

ಚೀನಾವನ್ನು ಬೇರೆ ದೇಶಗಳ ಜೊತೆ ಹೋಲಿಸುವ ಆಸೆ ಇದ್ದರೆ ಅವುಗಳಿಗೂ ಇದೇ ಅಳತೆ, ನಮ್ಮ ದೇಶಕ್ಕೂ ಸೇರಿ. 2015ರಲ್ಲಿ ನೇಪಾಳಕ್ಕೆ ಪೆಟ್ರೋಲ್, ಗ್ಯಾಸ್ ಹೋಗುವುದು ನಿಂತಾಗ ಅದು ಭಾರತದ ದಿಗ್ಬಂಧನ ಎಂದಿತು ಕಠ್ಮಂಡು. ಅಲ್ಲ, ನೇಪಾಳದ ದಕ್ಷಿಣ ಬಯಲಿನ ಮಧೇಸಿಗಳ ಪ್ರತಿಭಟನೆಯಿಂದ ಲಾರಿ ನಿಂತಿವೆ ಎಂದಿತು ದೆಹಲಿ. ಎರಡು ಮಾತಿಗೂ ಬೇರೆ ಬೇರೆ ಕಾಲಂ ಕೊಡಿ. ಬೀಜಿಂಗ್ ‘ನಾವು ಶಿಕ್ಷೆ ಕೊಟ್ಟಿಲ್ಲ’ ಎಂದ ಕಡೆಯಲ್ಲೂ ಹಾಗೆಯೇ ಮಾಡಿ.