ಲೋಗೊ ಮಾಡುವ ಮುಂಚೆ ಅಂಗಡಿ ಮುಂದೆ ಅರ್ಧ ಗಂಟೆ ನಿಲ್ಲಿ

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಫ್ರೀಲಾನ್ಸ್ ಡಿಸೈನ್ ಶುರು ಮಾಡಿದವರಿಗೆ ಇದು. ನಾನೂ ಮದುವೆ ಪತ್ರಿಕೆ, ಫ್ಲೆಕ್ಸ್ ಮಾಡುತ್ತಲೇ ಇಲ್ಲಿಗೆ ಬಂದವನು. ಬ್ರ್ಯಾಂಡಿಂಗ್ ಅಂದರೆ ಚೆಂದದ ಲೋಗೊ ಅಷ್ಟೇ ಅಂದುಕೊಂಡಿದ್ದೆ.

ಧಾರವಾಡದ ಒಂದು ಪೇಡೆ ಅಂಗಡಿಯ ಡಬ್ಬಿ ನನಗೆ ಪಾಠ ಕಲಿಸಿತು. ಸ್ಕ್ರೀನ್ ಮೇಲೆ ಕೇಸರಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಅಚ್ಚಾಗಿ ಬಂದಾಗ ಇಟ್ಟಂಗಿ ಬಣ್ಣ! ತಪ್ಪು ನನ್ನದೇ. ಫೈಲ್ ಇದ್ದದ್ದು ಸ್ಕ್ರೀನಿನ ಬೆಳಕಿನ ಬಣ್ಣಗಳ ಲೆಕ್ಕವಾದ ಆರ್‌ಜಿಬಿಯಲ್ಲಿ, ಪ್ರೆಸ್ ಓಡುವುದು ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ. ಸಾಲದ್ದಕ್ಕೆ ‘ಲಕ್ಷ್ಮಿ’ಯ ಒತ್ತಕ್ಷರ ಕೆಳಗಿನ ಸಾಲಿಗೆ ಬಡಿದಿತ್ತು. ಸಾಲಿನ ಅಂತರವನ್ನು ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟರೆ ಹೀಗೇ. ಕನ್ನಡಕ್ಕೆ ಕೆಳಗಡೆ ಜಾಗ ಜಾಸ್ತಿ ಬೇಕು, ಅಲ್ವಾ?

ಈಗ ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಅಂಗಡಿಗೆ ಹೋಗಿ ಸುಮ್ನೆ ನಿಲ್ಲುತ್ತೇನೆ. ಗಿರಾಕಿಗಳು ಅಂಗಡಿಯನ್ನು ಏನಂತ ಕರೆಯುತ್ತಾರೆ ಕೇಳಿ. ಬೋರ್ಡಿನಲ್ಲಿ ಉದ್ದ ಹೆಸರು, ಜನರ ಬಾಯಲ್ಲಿ ‘ಬೇವಿನ ಗಿಡದ ಅಂಗಡಿ’. ನನ್ನ ಪ್ರಕಾರ ಆ ಬೇವಿನ ಗಿಡವೇ ಬ್ರ್ಯಾಂಡ್. ದುರ್ಗದಬೈಲಿನಂಥ ಪೇಟೆಯ ಗದ್ದಲದಲ್ಲಿ ಬೋರ್ಡನ್ನು ಯಾರೂ ನಿಂತು ಓದುವುದಿಲ್ಲ. ಅದಕ್ಕೇ ಲೋಗೊವನ್ನು 2 ಸೆಂ.ಮೀ. ಅಗಲಕ್ಕೆ, ಬರೀ ಕಪ್ಪಿನಲ್ಲಿ ಪ್ರಿಂಟ್ ತೆಗೆದು ಕೈ ಚಾಚಿ ಹಿಡಿದು ನೋಡಿ. ಗುರುತು ಸಿಗದಿದ್ದರೆ ಮತ್ತೆ ಬಿಡಿಸಿ.

ಫಾಂಟಿಗೆ ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಇವೆ. ವ್ಯಾಪಾರದ ಕೆಲಸಕ್ಕೂ ಉಚಿತ. ಪ್ರೆಸ್ಸಿಗೆ ಕಳಿಸುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿಯೇ, ಅಂದರೆ ಚಿತ್ರದಂಥ ಆಕಾರಗಳಾಗಿ ಬದಲಿಸಿಯೇ ಕಳಿಸಿ. ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಹಾಂ, ಅರ್ಧ ದುಡ್ಡು ಮುಂಗಡ ತಗೊಳ್ಳಿ, ಪರಿಚಯದವರಾದರೂ!